ಕಾರ್ತವೀರ್ಯಾರ್ಜುನನೂ ಕಾಣೆಯಾದ ಮೆಂಬರ್ರೂ

ಮೇನ್‌ಫ್ರೇಮ್‌ನಷ್ಟು ತಣ್ಣನೆ ಸ್ವಭಾವದ ಯಂತ್ರವನ್ನು ನಾನು ಕಂಡಿಲ್ಲ. ದೊಡ್ಡ ಕಂಪನಿಗಳ ಲೆಕ್ಕಾಚಾರ ಹೊರುವ ದೈತ್ಯ ಕಂಪ್ಯೂಟರ್ ಅದು. ಅದರ ಕನ್ಸೋಲ್‌ನಲ್ಲಿ, ಅಂದರೆ ನಿಗಾ ಇಡುವ ಪರದೆಯಲ್ಲಿ, ಬರುವ ಸಂದೇಶಗಳಿಗೆ ಒಂದೊಂದು ನಂಬರು, ನಂಬರಿನ ಬಾಲಕ್ಕೊಂದು ಅಕ್ಷರ. ‘ಎ’ ಇದ್ದರೆ ಏನಾದರೂ ಮಾಡಿ, ‘ಡಿ’ ಇದ್ದರೆ ತೀರ್ಮಾನ ಹೇಳಿ, ‘ಐ’ ಇದ್ದರೆ ಸುಮ್ಮನೆ ತಿಳಿದಿರಲಿ. ಪ್ರೋಗ್ರಾಂ ನೆಗೆದುಬಿದ್ದಾಗ ಬರುವ ಐಇಎಫ್450ಐ ಸಂದೇಶದ ಬಾಲದಲ್ಲಿರುವುದೂ ‘ಐ’ಯೇ. ಹೋಗಿಬಿಟ್ಟಿದೆ, ತಿಳಿದಿರಲಿ, ಅಷ್ಟೆ.

ನಮ್ಮ ಗಿರಾಕಿ ಅಮೆರಿಕದ ಪೂರ್ವ ತೀರದ ಒಂದು ವಿಮಾ ಕಂಪನಿ. ಅಲ್ಲಿ ಶನಿವಾರ ರಾತ್ರಿ ಕಳೆದು ಎರಡು ಗಂಟೆಗೆ ಐಪಿಎಲ್ (ಕ್ರಿಕೆಟ್ಟಲ್ಲ, ಮೇನ್‌ಫ್ರೇಮ್ ಮಂದಿ ರೀಬೂಟ್‌ಗೆ ಹೇಳುವುದೇ ಹಾಗೆ) ಇಟ್ಟುಕೊಂಡರೆ, ಚಳಿಗಾಲದಲ್ಲಿ ಬೆಂಗಳೂರಿಗೆ ಅದು ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಅಂದರೆ ಬಿಸಿಬೇಳೆಬಾತ್ ಒಲೆಯಿಂದ ಇಳಿಯುವ ಹೊತ್ತು.

ಅಂಥ ಒಂದು ಭಾನುವಾರ ಐಪಿಎಲ್ ಆದಮೇಲೆ ಎಲ್ಲ ಎದ್ದವು, ಮಾನಿಟರಿಂಗ್ ಸಾಫ್ಟ್‌ವೇರ್ ಒಂದು ಏಳಲಿಲ್ಲ. ಕನ್ಸೋಲ್‌ನಲ್ಲಿ ಐಇಸಿ141ಐ, ಪಕ್ಕದಲ್ಲಿ 013-18. ಡೇಟಾಸೆಟ್ ಇದೆ, ಅದರೊಳಗೆ ನೀವು ಹೇಳಿದ ಮೆಂಬರ್ ಇಲ್ಲ ಅಂತ ಅರ್ಥ. ಕಪಾಟಿದೆ, ಅದರಲ್ಲಿ ಆ ಡಬ್ಬಿ ಇಲ್ಲ ಅನ್ನುವಷ್ಟು ಸ್ಪಷ್ಟ. ಓದಿ ಅರ್ಥ ಮಾಡಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲ ತಂಡದವರೂ ಫೋನಿನಲ್ಲಿ ಒಟ್ಟಿಗೆ ಸೇರುವ ಬ್ರಿಡ್ಜ್ ಕಾಲ್ ಅನ್ನುವುದೊಂದಿದೆಯಲ್ಲ!

ಸ್ಟೋರೇಜ್‌ನವರು ಬಂದರು, “ನಮ್ಮ ಕಡೆಯಿಂದ ಏನೂ ಚೇಂಜ್ ಇಲ್ಲ” ಅಂದರು. ನೆಟ್‌ವರ್ಕಿನವರು ಕೇಳುವ ಮೊದಲೇ ಅದನ್ನೇ ಹೇಳಿದರು. ಸೆಕ್ಯುರಿಟಿಯವರಿಗೆ ಮಾತ್ರ ಕೊಂಚ ಬೇಜಾರಾಯಿತು: “ನಾವು ತಡೆದಿದ್ದರೆ 913 ಬರುತ್ತೆ ಸ್ವಾಮಿ, 013 ಅಲ್ಲ.” ತಮ್ಮ ಅಬೆಂಡ್ (ಪ್ರೋಗ್ರಾಂ ನೆಗೆದುಬೀಳುವುದಕ್ಕೆ ಇಲ್ಲಿನ ಹೆಸರು) ನಂಬರಿನ ಬಗ್ಗೆ ಅವರಿಗೆ ಮನೆದೇವರಷ್ಟೇ ಅಭಿಮಾನ. ಅಷ್ಟರಲ್ಲಿ ಒಬ್ಬ ಪುಣ್ಯಾತ್ಮ ಸ್ಕ್ರೀನ್ ಷೇರ್ ಮಾಡಿ, “ಮೆಂಬರ್ ಇಲ್ಲೇ ಇದೆಯಲ್ಲ!” ಎಂದ. ಇತ್ತು, ನಿಜ. ಯಂತ್ರವೇ ಸುಳ್ಳು ಹೇಳುತ್ತಿದೆ ಎಂದು ಎಲ್ಲರೂ ಬಹಳ ಹೊತ್ತು ನಂಬಿದೆವು. ಆಮೇಲೆ ಗೊತ್ತಾಯಿತು, ಅವನು ತೋರಿಸಿದ್ದು ಟೆಸ್ಟ್ ಸಿಸ್ಟಮ್. ಹಸಿರು ಪರದೆಗಳೆಲ್ಲ ಒಂದೇ ಥರ ಕಾಣಿಸಿದರೆ ಪಾಪ ಅವನಾದರೂ ಏನು ಮಾಡಿಯಾನು?

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಏನೋ ಕಳೆದುಹೋಗಿರೋದು?”

“ಒಂದು ಫೈಲಮ್ಮ.”

“ಕಾರ್ತವೀರ್ಯಾರ್ಜುನನ್ನ ನೆನೆಸ್ಕೊ, ಸಿಗತ್ತೆ. ನನ್ನ ಓಲೆ ಸಿಕ್ಕಿರಲಿಲ್ವಾ?”

ಸಾವಿರ ತೋಳಿನ ಆ ಮಹಾರಾಜನ ಹೆಸರನ್ನು ಒಂದು ಮೆಂಬರಿಗೆ ಇಡುವುದಕ್ಕೂ ಆಗುವುದಿಲ್ಲ. ಅಲ್ಲಿ ಇಂಗ್ಲಿಷಿನ ಎಂಟು ಅಕ್ಷರ ದಾಟುವ ಹಾಗಿಲ್ಲ. ಆದರೂ ನೆನೆಸಿಕೊಂಡೆ, ಮೈಕ್ ಮ್ಯೂಟ್ ಮಾಡಿಕೊಂಡು.

ಪ್ರೊಡಕ್ಷನ್ನಿನ, ಅಂದರೆ ನಿಜವಾದ ಕೆಲಸ ನಡೆಯುವ ಸಿಸ್ಟಮ್ಮಿನ, ಮೆಂಬರ್ ಪಟ್ಟಿ ತೆರೆದೆ. ಮೇನ್‌ಫ್ರೇಮ್ ಬಳಸುವುದು ಎಬ್ಸಿಡಿಕ್ ಸಂಕೇತ. ಅದರಲ್ಲಿ ಅಕ್ಷರಗಳು ಮೊದಲು, ಅಂಕಿಗಳು ಆಮೇಲೆ. ಪಟ್ಟಿಯ ತಳದಲ್ಲಿ ಹೆಸರಿನ ಕೊನೆಗೆ 00 ಇರುವ ಮೆಂಬರ್ ಇತ್ತು, ಅದರ ಬೆನ್ನಿಗೇ 02 ಇರುವುದು. ನಡುವೆ ಇರಬೇಕಾದ 01 ಇಲ್ಲ. ಮೇಲಕ್ಕೆ ಹೋಗಿ ನೋಡಿದರೆ ಅಕ್ಷರದ ಮೆಂಬರ್‌ಗಳ ಮಧ್ಯೆ, ಹೆಂಗಸರ ಸಾಲಿನಲ್ಲಿ ಕೂತ ಗಂಡಸಿನ ಹಾಗೆ, ಒಂದು ‘01’ ಕೂತಿತ್ತು. ಕಣ್ಣು ಕಿರಿದು ಮಾಡಿ ನೋಡಿದೆ. ಈ ಪರದೆಯಲ್ಲಿ ಸೊನ್ನೆಗೆ ಇರಬೇಕಾದ ಅಡ್ಡಗೀರು ಇಲ್ಲ. ಅದು ಸೊನ್ನೆಯಲ್ಲ, ಇಂಗ್ಲಿಷಿನ ‘ಓ’. ಹೊಸ ಮೆಂಬರಿನ ಹೆಸರು ಎಕ್ಸೆಲ್ ಹಾಳೆಯಲ್ಲಿ ಬಂದಿತ್ತು. ಅಲ್ಲಿ ಎರಡೂ ಒಂದೇ ಥರ ಗುಂಡಗಿರುತ್ತವೆ. ಯಾರೋ ಹಾಗೇ ಕಾಪಿ ಹೊಡೆದಿದ್ದರು.

ಸೊನ್ನೆ ಹಾಕಿ ಇನ್ನೊಂದು ಪ್ರತಿ ಮಾಡಿ ಸ್ಟಾರ್ಟ್ ಕೊಟ್ಟೆವು. ಎದ್ದು ಕೂತಿತು. ಅದನ್ನು ತಿಳಿಸಿದ ಸಂದೇಶದ ಬಾಲದಲ್ಲೂ ‘ಐ’. ಸತ್ತರೂ ಐ, ಬದುಕಿದರೂ ಐ.

“ಹಾಗಾದರೆ ಆ ಓ-ಒಂದನ್ನು ಅಳಿಸಿಬಿಡೋಣವಾ?” ಎಂದು ಕೇಳಿದೆ. ಬ್ರಿಡ್ಜ್‌ನಲ್ಲಿ ಯಾರದೂ ಸದ್ದಿಲ್ಲ. ಕೊನೆಗೆ ಆ ಕಡೆಯ ಹಿರಿಯರೊಬ್ಬರು, “ಬೇಡ, ಯಾವುದಾದರೂ ಜಾಬ್ ಅದನ್ನೇ ಓದುತ್ತಿದ್ದರೆ?” ಎಂದರು. ಅಳಿಸಬೇಕಾದರೆ ಬೇರೆ ಚೇಂಜ್ ಟಿಕೆಟ್ (ಬದಲಾವಣೆಗೆ ಅನುಮತಿ ಕೋರುವ ಅರ್ಜಿ) ಬೇಕಂತೆ. ಆ ಟಿಕೆಟ್ಟಿನಲ್ಲಿ ಮೆಂಬರಿನ ಹೆಸರನ್ನು ಎಕ್ಸೆಲ್‌ನಲ್ಲಿ ಕೊಡಬೇಕಂತೆ.