ಆಧಾರ್ ಹಾಕಿ ಇನ್‌ಸ್ಟಾಗ್ರಾಂ ತೆರೀಬೇಕಂತೆ!

ಚಿಂತಾಮಣಿ ಕಡೆಯ ಪೋಷಕರ ಸಭೆಯೊಂದರ ವಿಡಿಯೊ ಬೆಳಗ್ಗೆಯಿಂದ ಗ್ರೂಪುಗಳಲ್ಲಿ ಓಡಾಡ್ತಿದೆ. ವೇದಿಕೆ ಮೇಲಿದ್ದ ಮಹನೀಯರು "ಆಧಾರ್ ಹಾಕದೆ ಇನ್‌ಸ್ಟಾಗ್ರಾಂ ತೆರೀಬಾರದು, ಅಂಥ ಕಾನೂನು ಬಂದ್ರೆ ಮಕ್ಕಳು ತಾನಾಗೇ ಸರಿಹೋಗ್ತಾರೆ" ಅಂದ್ರು. ಚಪ್ಪಾಳೆಯೋ ಚಪ್ಪಾಳೆ. ನಾನು ಇರೋದೇ ಆಧಾರ್ ತಿದ್ದುಪಡಿ ಅರ್ಜಿಗಳ ಮಧ್ಯೆ ಅಂತ ನಿಮಗೆಲ್ಲ ಗೊತ್ತು. ಮೈ ಉರಿದುಹೋಯ್ತು.

ಟಿಕೆಟ್ ಇಲ್ಲದ ಒಬ್ಬನನ್ನ ಹಿಡಿಯೋಕೆ ಚೆಕಿಂಗ್‌ನವರು ಇಡೀ ಬಸ್ಸಿನ ಟಿಕೆಟ್ ನೋಡ್ತಾರಲ್ಲ, ಇದೂ ಅಷ್ಟೇ. ಹದಿನೈದರ ಹುಡುಗನನ್ನ ತಡೀಬೇಕಾದ್ರೆ ಐವತ್ತರ ರೈತನೂ ತನ್ನ ವಯಸ್ಸನ್ನ ಸಾಬೀತು ಮಾಡ್ಬೇಕು. ಮಕ್ಕಳನ್ನ ಮಾತ್ರ ಪರೀಕ್ಷೆ ಮಾಡೋ ವಿಧಾನ ಅಂತ ಒಂದಿಲ್ಲ.

ನಮ್ಮಲ್ಲಿ ಅರ್ಧ ದಾರಿ ಆಗಲೇ ಸವೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಪ್ರಕಾರ 18ರೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಮುಟ್ಟೋಕೆ ಅಪ್ಪ ಅಮ್ಮನ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ತಪ್ಪಿದ್ರೆ 200 ಕೋಟಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ಈ ಭಾಗ ಜಾರಿಯಾಗೋಕೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ನಿಯಮದಲ್ಲಿ ಆಧಾರೇ ಬೇಕು ಅಂತಿಲ್ಲ, ನಿಜ. ಕಂಪನಿ ಹತ್ರ ಮೊದಲೇ ಇರೋ ನಂಬಲರ್ಹ ದಾಖಲೆ ಆಗ್ಬಹುದು, ಪೋಷಕರು ತಾವಾಗಿ ಕೊಟ್ಟ ದಾಖಲೆ ಆಗ್ಬಹುದು, ಡಿಜಿಲಾಕರ್ ಥರದ ಕಡೆಯಿಂದ ಬರೋ, ವಯಸ್ಸು ಗುರುತು ದೃಢಪಡಿಸೋ ಟೋಕನ್ ಆಗ್ಬಹುದು. ಸುತ್ತಿ ಬಳಸಿ ಬಂದು ನಿಲ್ಲೋದು ಆಧಾರ್ ಓಟಿಪಿ ಹತ್ರಾನೇ. ಇನ್ನು "ನಾನು ಮಗುವಲ್ಲ" ಅಂತ ದೊಡ್ಡವರು ಹೇಗೆ ತೋರಿಸ್ಬೇಕು? ಅದನ್ನ ಬಿಡಿಸಿ ಹೇಳಿಲ್ಲ. 200 ಕೋಟಿ ತಲೆ ಮೇಲೆ ತೂಗ್ತಿರುವಾಗ ಕಂಪನಿ ಏನು ಮಾಡುತ್ತೆ? ಎಲ್ಲರ ಕೈಲೂ ದಾಖಲೆ ಕೇಳುತ್ತೆ.

ಈಗ ಆ ಓಟಿಪಿಯ ಕಥೆ. ಒಪ್ಪಿಗೆ ಕೊಡ್ಬೇಕಾದ ಅಪ್ಪನ ಆಧಾರ್‌ಗೆ ಜೋಡಿಸಿದ್ದ ನಂಬರ್ ಎಂಟು ವರ್ಷದ ಹಿಂದಿನದು, ರೀಚಾರ್ಜ್ ಇಲ್ಲದೆ ಸತ್ತುಹೋಗಿದೆ, ಅದೇ ನಂಬರ್ ಈಗ ಬೇರೆ ಯಾರ ಜೇಬಲ್ಲೋ ಇರುತ್ತೆ. ಹೊಸದು ಜೋಡಿಸೋಕೆ ಕೇಂದ್ರಕ್ಕೆ ಹೋದ್ರೆ ಬೆರಳಚ್ಚು ಕೇಳ್ತಾರೆ, ಮಣ್ಣು ಕೆಲಸ ಮಾಡಿ ಸವೆದ ಬೆರಳನ್ನ ಮೆಷಿನ್ ಎಷ್ಟೋ ಸಲ ಒಪ್ಪಲ್ಲ. ಹುಟ್ಟಿದ ದಿನಾಂಕ ನೋಡಿದ್ರೆ ಜನವರಿ 1, ಇಲ್ಲಾ ಮೇಷ್ಟ್ರು ಶಾಲೆಗೆ ಸೇರಿಸ್ಕೊಳ್ಳುವಾಗ ಬರೆದ ಜೂನ್ 1. ಅರ್ಧ ಊರು ಒಂದೇ ದಿನ ಹುಟ್ಟಿದೆ! ತಿದ್ದಿಸೋಕೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಥರದ ದಾಖಲೆ ಬೇಕು, ಶುಲ್ಕ 75 ರೂಪಾಯಿ, ತಿದ್ದೋಕೆ ಅವಕಾಶ ಒಂದೇ ಸಲ. ಎರಡನೇ ಸಲ ತಪ್ಪಾದ್ರೆ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಅಲೀಬೇಕು. ಇನ್ನೂ ತಮಾಷೆ ಅಂದ್ರೆ, ಆಧಾರ್ ಹುಟ್ಟಿದ ದಿನಾಂಕದ ಪುರಾವೆ ಅಲ್ಲ ಅಂತ ಆಧಾರ್ ಕೊಡೋ ಯುಐಡಿಎಐ ತಾನೇ ಹೇಳಿದೆ, 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹೇಳ್ತು. ಇಂಥ ಕಾರ್ಡಲ್ಲಿ ವಯಸ್ಸು ಅಳೆಯೋ ಆಸೆ ಇವರದ್ದು.

ಮುಖ ನೋಡಿ ವಯಸ್ಸು ಹೇಳೋ ಸಾಫ್ಟ್‌ವೇರ್ ಇದೆಯಲ್ಲ ಅಂತೀರಾ? ಎರಡು ಮೂರು ವರ್ಷ ಆಚೀಚೆ ಆಗೋದು ಅದಕ್ಕೆ ಮಾಮೂಲು. 16ಕ್ಕೆ ಗೆರೆ ಎಳೆದ್ರೆ 14ರವನು ಒಳಗೆ, 19ರವಳು ಹೊರಗೆ. ಹೊರಗಾದವಳಿಗೆ ಮುಂದಿನ ಹೆಜ್ಜೆ? ದಾಖಲೆ ಕೊಡಮ್ಮ ಅಂತ. ಮತ್ತೆ ಅಲ್ಲಿಗೇ ಬಂದ್ವಿ. ಬ್ರಿಟನ್ನಿನಲ್ಲಿ ಕೆಲವರು ವಿಡಿಯೊ ಗೇಮಿನ ಪಾತ್ರದ ಮುಖ ತೋರಿಸಿ ಪಾಸಾದ್ರು. ಅಲ್ಲಿ 2025ರ ಜುಲೈ 25ಕ್ಕೆ ವಯಸ್ಸು ಪರೀಕ್ಷೆಯ ನಿಯಮ ಜಾರಿಯಾದ ಕೂಡಲೇ, ಯಾವ ದೇಶದಲ್ಲಿದೀವಿ ಅನ್ನೋದನ್ನ ಮರೆಮಾಚೋ ವಿಪಿಎನ್ ಆ್ಯಪುಗಳು ಡೌನ್‌ಲೋಡ್ ಪಟ್ಟಿಯ ತುದಿಗೆ ಹೋದವು. ಮುಖ್ಯವಾಗಿ ತಡೀಬೇಕಾಗಿದ್ದು ಅಶ್ಲೀಲ ಚಿತ್ರದಂಥದ್ದು. ವಯಸ್ಸು ತೋರಿಸದವರಿಗೆ ಗಾಜಾ, ಉಕ್ರೇನ್ ಯುದ್ಧದ ಕೆಲವು ಪೋಸ್ಟುಗಳೂ ಮುಚ್ಚಿಕೊಂಡವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪಿನ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಫೋಟೊ ಹೊರಗಿನ ಗುತ್ತಿಗೆ ಕಂಪನಿಯೊಂದರ ಮೂಲಕ ಸೋರಿಹೋದ್ವು. ವಯಸ್ಸಿನ ತಕರಾರು ಬಗೆಹರಿಸೋಕೆ ಅಂತ ಜನ ಕೊಟ್ಟಿದ್ದ ಚೀಟಿಗಳೂ ಅದರಲ್ಲಿದ್ದವು.

ಇದರಲ್ಲಿ ಮಾತಿನ ಸ್ವಾತಂತ್ರ್ಯ ಎಲ್ಲಿಂದ ಬಂತು ಅಂತ ಒಬ್ಬರು ಕೇಳಿದ್ರು. ಹಾಸ್ಟೆಲ್ ಸಾರಲ್ಲಿ ಹುಳ ಇದ್ರೆ ವಿಡಿಯೊ ಹಾಕೋದು ಹದಿನಾರು ಹದಿನೇಳರ ಮಕ್ಕಳು, ಅದೂ ಬೇರೆ ಹೆಸರಲ್ಲಿ. ಖಾತೆ ಹಿಂದೆ ಆಧಾರ್ ಇದೆ ಅಂದ್ರೆ ಯಾರು ಹಾಕ್ತಾರೆ? ಬಾಗೇಪಲ್ಲಿಯದೋ ಪಾವಗಡದ್ದೋ ಹದಿನೇಳರ ಹುಡುಗಿಗೆ ಅಪ್ಪ ಮದುವೆ ಗೊತ್ತು ಮಾಡ್ತಿದಾನೆ ಅಂದ್ಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ಬಹುದು, ಸರಿ. ಆದ್ರೆ ಗೆಳತಿಯರಿಗೋ ಲೋಕಕ್ಕೋ ಆನ್‌ಲೈನಲ್ಲಿ ಹೇಳ್ಕೋಬೇಕು ಅಂದ್ರೆ ಅವಳ ಖಾತೆಗೆ ಒಪ್ಪಿಗೆ ಕೊಡೋನು ಯಾರು? ಅದೇ ಅಪ್ಪ! ಓಟಿಪಿ ಅವನ ಫೋನಿಗೇ ಬರೋದು.

ದೊಡ್ಡವರೇನು ಸುರಕ್ಷಿತವಲ್ಲ. ಪಂಚಾಯ್ತಿ ಬಿಲ್ಲಿನ ಬಗ್ಗೆ ಬರೆಯೋ ಅನಾಮಿಕ ಪೇಜು ಎಷ್ಟು ದಿನ ಉಳಿಯುತ್ತೆ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪಾಗಿದ್ದು. ಅವರ ರಾಜ್ಯದಲ್ಲೇ ಈ ಚಪ್ಪಾಳೆ.

ಮಕ್ಕಳು ಹಾಳಾಗ್ತಿಲ್ವಾ ಅಂತ ಕೇಳ್ತೀರಿ. ಆಗ್ತಿದಾರೆ. ಫೋಟೊ ತಿರುಚಿ ಬೆದರಿಸೋದು, ಬೆಟ್ಟಿಂಗು, ರಾತ್ರಿ ಎರಡರ ತನಕ ರೀಲ್ಸು, ಎಲ್ಲಾ ನಿಜ. ಬೆದರಿಸೋನಿಗೆ ಪೋಕ್ಸೊ ಇದೆ, ಐಟಿ ಕಾಯ್ದೆ ಇದೆ, ಅಲ್ಲಿ ಎಫ್‌ಐಆರ್ ಹಾಕಿಸೋಕೆ ಯಾರೂ ಮೈಕ್ ಹಿಡಿಯಲ್ಲ. ರೀಲ್ಸಿನ ಚಟಕ್ಕೂ ದಾರಿಯಿದೆ. ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದು ಅಂತ ಅದೇ 2023ರ ದತ್ತಾಂಶ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತೆ. ಆ ಹಿಂಬಾಲಿಸೋದನ್ನ, ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗೇ ಓಡೋದನ್ನ, ರಾತ್ರಿ ನೋಟಿಫಿಕೇಶನ್‌ನ ಎಲ್ಲ ವಯಸ್ಸಿನವರಿಗೂ ಮೊದಲಿಂದಲೇ ಆಫ್ ಇಡಿ, ಬೇಕಾದವರು ಆನ್ ಮಾಡ್ಕೊಳ್ಲಿ. ಯಾರ ವಯಸ್ಸೂ ಕೇಳ್ಬೇಕಾಗಿಲ್ಲ. ಕಂಪನಿಗಳ ಆದಾಯ ಇಳಿಯುತ್ತೆ ಅಷ್ಟೆ.

"ನಿಮಗೆ ಮಕ್ಕಳಿಲ್ವಾ" ಅಂತ ಕಾಮೆಂಟ್ ಹಾಕೋರು ಮೊದಲು ಆ 9ನೇ ಸೆಕ್ಷನ್ ಓದ್ಕೊಂಡು ಬನ್ನಿ. ಒಂದು ಪುಟಾನೂ ಇಲ್ಲ.