ಉಪ್ಪು ತಿಂದ ವೀಲು

ಕೆನಡಾದ ಮಿಸಿಸಾಗಾಕ್ಕೆ ಬಂದ ಮೊದಲ ಚಳಿಗಾಲ. ಆಗಲೇ ಎಂಟು ವರ್ಷ ಓಡಿದ್ದ ಕಾರು ಕೊಂಡಿದ್ದೆ. ಅದರ ಹಿಂದಿನ ಎಡ ಟೈರು ವಾರವಾರವೂ ಇಳಿಯುತ್ತಿತ್ತು. ಚಳಿಗೆ ಹಾಗೇ ಎಂದರು ಎಲ್ಲರೂ. ಸುಳ್ಳಲ್ಲ, ಐದಾರು ಡಿಗ್ರಿ ಚಳಿ ಹೆಚ್ಚಿದರೆ ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ ಕಡಿಮೆಯಾಗುತ್ತದೆ. ಆದರೆ ಚಳಿ ನಾಲ್ಕು ಟೈರಿಗೂ ಒಂದೇ ಅಲ್ವಾ?

ಟೈರ್ ಅಂಗಡಿಯವನು ವೀಲು ಬಿಚ್ಚಿ ನೀರಿನ ತೊಟ್ಟಿಗೆ ಹಾಕಿದ. ಮೊಳೆ ಇಲ್ಲ, ತೂತಿಲ್ಲ. ಟೈರು ರಿಮ್ಮಿನ ಮೇಲೆ ಕೂರುವ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಟೈರು ಕಳಚಿದರೆ, ಒಳ ಅಂಚು ಹಳೆ ಸುಣ್ಣದ ಗೋಡೆಯ ಹಾಗೆ ಬಿಳಿ ಹುಡಿ ಬಿಟ್ಟಿತ್ತು. ಉಗುರು ತಾಗಿಸಿದ್ದೇ ಪೇಂಟು ಹಪ್ಪಳದ ಚೂರಿನಂತೆ ಎದ್ದು ಬಂತು. ಅವನು ತಂತಿ ಬ್ರಷ್ಷಿನಿಂದ ಉಜ್ಜಿ, ಡಾಂಬರಿನಂಥ ಕಪ್ಪು ಸೀಲರ್ ಬಳಿದು, ಟೈರು ಕೂರಿಸಿ ಕೊಟ್ಟ. ಅರ್ಧ ಗಂಟೆಯ ಕೆಲಸ.

ನನ್ನ ಕಾರಿನದು ಅಲಾಯ್ ವೀಲು, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ನಾನೂ ನಂಬಿದ್ದೆ. ಕೆಂಪು ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ಅದರ ಮೈಮೇಲೆ ತಾನಾಗಿ ಹುಟ್ಟುವ ತೆಳು ಆಕ್ಸೈಡ್ ಪದರ ಅದನ್ನು ಕಾಯುತ್ತದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿನ ಕ್ಲೋರೈಡ್ ಈ ಪದರವನ್ನೇ ಕೊರೆಯುತ್ತದೆ. ಒಂದು ಜಲ್ಲಿಕಲ್ಲು ಸಿಡಿದು ಪೇಂಟಿನ ಮೇಲಿನ ಪಾರದರ್ಶಕ ಲೇಪ, ಕ್ಲಿಯರ್ ಕೋಟ್, ಒಡೆದರೆ ಸಾಕು. ಉಪ್ಪುನೀರು ಒಳಹೊಕ್ಕು, ಪೇಂಟಿನ ಅಡಿಯಲ್ಲಿ ಗೆದ್ದಲು ದಾರಿ ಮಾಡಿದಂತೆ ಎಳೆಎಳೆಯಾಗಿ ತಿನ್ನುತ್ತಾ ಹೋಗುತ್ತದೆ. ಆಗ ಹುಟ್ಟುವ ಬಿಳಿ ಹುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಪೇಂಟು ಉಬ್ಬುತ್ತದೆ, ಸಿಪ್ಪೆ ಏಳುತ್ತದೆ. ವೀಲು ಅದುರದೆ ತಿರುಗಲೆಂದು, ಬ್ಯಾಲೆನ್ಸಿಂಗಿಗೆ, ಅಂಚಿಗೆ ಸಿಕ್ಕಿಸುವ ತೂಕದ ಉಕ್ಕಿನ ಕ್ಲಿಪ್ಪೂ ಸಣ್ಣ ಖಳನಾಯಕನೇ. ಉಕ್ಕು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಸವೆಯುವುದು ಅಲ್ಯೂಮಿನಿಯಂ.

ಇಲ್ಲಿಯವರು ಇದಕ್ಕೆ ಕಂಡುಕೊಂಡ ದಾರಿ, ಅಲಾಯನ್ನು ಚಳಿಗಾಲಕ್ಕೆ ತೋರಿಸದೇ ಇರುವುದು. ನವೆಂಬರ್ ಬಂತೆಂದರೆ ಸ್ಟೀಲ್ ರಿಮ್ಮಿನ ವಿಂಟರ್ ಟೈರುಗಳು ಕಾರಿಗೆ ಏರುತ್ತವೆ, ಅಲಾಯ್ ಗ್ಯಾರೇಜಿನ ಮೂಲೆ ಸೇರುತ್ತದೆ. ಪಕ್ಕದ ಪ್ರಾಂತ್ಯವಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಡ್ಡಾಯ. ಮಿಸಿಸಾಗಾ ಇರುವ ನಮ್ಮ ಒಂಟಾರಿಯೊದಲ್ಲಿ ಆ ಕಾನೂನಿಲ್ಲ, ಆದರೆ ಹಾಕಿಸಿಕೊಂಡವರಿಗೆ 2016ರಿಂದ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಸ್ಟೀಲಿಗೂ ತುಕ್ಕು ಹಿಡಿಯುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೋಟಕ್ಕೆ ಹೋಗುವಾಗ ಹಳೆ ಲುಂಗಿ ಉಟ್ಟ ಹಾಗೆ.

ಇಷ್ಟು ಜಾಣರಾದವರು ಒಮ್ಮೆ ಸಿಪ್ಪೆ ಎದ್ದ ಅಲಾಯನ್ನು ಕಂಡರೆ ಮಾತ್ರ ಕೈಚೆಲ್ಲುತ್ತಾರೆ. ಮೂರು ಅಂಗಡಿ ಸುತ್ತಿದೆ. ಮೂವರೂ ಹೇಳಿದ್ದು ಒಂದೇ, ಹೊಸದು ತಗೋ. ಪೇಂಟು ಪೂರ್ತಿ ತೆಗೆದು, ಮರಳು ಹೊಡೆದು, ಪೌಡರ್ ಕೋಟ್ ಎಂಬ ಪುಡಿ ಬಣ್ಣ ಹಾಕಿ ಸುಮಾರು 200 ಡಿಗ್ರಿ ಒಲೆಯಲ್ಲಿ ಬೇಯಿಸುವವರೂ ಇದ್ದಾರೆ. ಅವರು ಕೇಳುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸ ಸೆಟ್ಟೇ ಬರುತ್ತದೆ. ಗಟ್ಟಿಮುಟ್ಟಾದ ಲೋಹವನ್ನು ಬಣ್ಣ ಹೋಯಿತೆಂದು ಗುಜರಿಗೆ ಹಾಕುವುದು ನನಗಂತೂ ಒಗ್ಗುವುದಿಲ್ಲ.

ಊರಿನಲ್ಲಿ ಕತೆ ಉಲ್ಟಾ. ಭಾವನ ಕಾರು ಉಡುಪಿಯಲ್ಲಿದೆ. ಅಲ್ಲಿ ಹಿಮ ಇಲ್ಲ, ಉಪ್ಪಿಗೆ ಬರವೂ ಇಲ್ಲ. ಕಡಲ ಗಾಳಿ ಒಂದು ಕಡೆ. ಜೊತೆಗೆ ಹೆದ್ದಾರಿಯುದ್ದಕ್ಕೂ ಮೀನಿನ ಲಾರಿಗಳು ಉಪ್ಪುನೀರು ಸುರಿಸಿಕೊಂಡು ಹೋಗುತ್ತವೆ. ಮಿಸಿಸಾಗಾದಲ್ಲಿ ನಗರಸಭೆ ಹಣ ಕೊಟ್ಟು ಮಾಡಿಸುವ ಕೆಲಸ ನಮ್ಮಲ್ಲಿ ಪುಕ್ಕಟೆ! ಭಾವನ ವೀಲಿಗೂ ಅದೇ ರೋಗ. ಆದರೆ ಹೊಸದು ಕೊಳ್ಳುವ ಮಾತೇ ಅಲ್ಲಿ ಹುಟ್ಟುವುದಿಲ್ಲ. "ಎಂತ ಹೊಸದು ಮಾರಾಯ, ಪೇಂಟ್ ಹೊಡೆಸಿದ್ರೆ ಆಯ್ತಲ್ಲ" ಅಂತ ಭಾವ ಪೇಂಟರ್ ಹತ್ತಿರ ಬಿಟ್ಟ.

ಆ ಪೇಂಟರ್ ಕೈಯಲ್ಲಿ ನಿಜಕ್ಕೂ ಕಲೆ ಇದೆ. ಸಿಪ್ಪೆ ಎದ್ದ ಜಾಗದ ಅಂಚನ್ನು ನೀರು ಹಾಕಿ ತಿಕ್ಕುವ ಮರಳು ಕಾಗದದಿಂದ ಉಜ್ಜುತ್ತಾ, ಕಣ್ಣು ಬೇರೆಲ್ಲೋ ಇಟ್ಟು, ಹೆಬ್ಬೆರಳಲ್ಲೇ ಏರುತಗ್ಗು ಹುಡುಕುತ್ತಿದ್ದ. ಬಣ್ಣ ಹೊಂದಿಸಿದ್ದು ಹೇಗಿತ್ತೆಂದರೆ ಹಳೆಯದು ಯಾವುದು, ಹೊಸದು ಯಾವುದು ತಿಳಿಯುತ್ತಿರಲಿಲ್ಲ. ಆದರೆ ಟೈರು ಕಳಚಲಿಲ್ಲ. ರಿಮ್ಮಿನ ಸುತ್ತ ಪೇಪರು ತುರುಕಿ ಹಾಗೇ ಸ್ಪ್ರೇ ಹೊಡೆದ. ಅಲ್ಯೂಮಿನಿಯಂಗೆಂದೇ ಇರುವ ಪ್ರೈಮರ್ ಕೂಡ ಇಲ್ಲ. ಎರಡನೇ ಮಳೆಗಾಲಕ್ಕೆ ಅಂಚಿನಿಂದಲೇ ಮತ್ತೆ ಗುಳ್ಳೆ.

ಕೆನಡಾದಲ್ಲೂ ಊರಲ್ಲೂ ನೋಡುವುದು ವೀಲಿನ ಹೊರಮುಖವನ್ನೇ. ಗಾಳಿ ಹಿಡಿದು ನಿಲ್ಲಿಸಬೇಕಾದದ್ದು ಒಳಗಿನ ಅಂಚು. ಟೈರು ಕಳಚಿ, ಬಿಳಿ ಹುಡಿ ಪೂರ್ತಿ ಹೋಗಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದ ಮೇಲೆ ಮಿಕ್ಕ ಮಾತು. ಟೈರು ಕೂರುವ ಜಾಗಕ್ಕೆ ದಪ್ಪಗೆ ಪೇಂಟು ಬಳಿಯಲೂ ಬಾರದು. ಕನ್ನಡಿಯಂತೆ ಹೊಳೆಯುವ, ಲೇತಿನಲ್ಲಿ ಮುಖ ಕೊರೆದ ವೀಲಾದರೆ ಆ ಹೊಳಪಿನ ಆಸೆ ಬಿಡುವುದೇ ಒಳ್ಳೆಯದು. ಪ್ರತಿ ಸಲ ಕೊರೆದಾಗಲೂ ಲೋಹ ಸವೆಯುತ್ತದೆ. ಸುಮ್ನೆ ಬೂದು ಬಣ್ಣ ಹೊಡೆಸಿ.

ಹೋದ ವರ್ಷ ರಜೆಗೆ ಹೋದಾಗ ಅದೇ ಪೇಂಟರ್ ಹತ್ತಿರ ಹಟ ಹಿಡಿದೆ, ಈ ಸಲ ಟೈರು ಕಳಚಲೇಬೇಕು ಅಂತ.

"ಒಳಗೆ ಯಾರು ನೋಡ್ತಾರೆ ಮಾರಾಯ್ರೆ?"

"ಗಾಳಿ ನೋಡ್ತದೆ."

ನಕ್ಕ. ಆಮೇಲೆ ನಾಲ್ಕೂ ವೀಲುಗಳನ್ನು ಹುಡುಗನ ಕೈಲಿ ಪಕ್ಕದ ಪಂಕ್ಚರ್ ಅಂಗಡಿಗೆ ಉರುಳಿಸಿಕೊಂಡು ಹೋಗಲು ಹೇಳಿದ.