ಜೆರಾಕ್ಸ್ ಅಂಗಡಿಯವನ ಜೆರಾಕ್ಸ್ ಖರ್ಚು

ತಿಪಟೂರಿನಲ್ಲಿ ಕೋರ್ಟು ಕಚೇರಿಗಳ ಆಸುಪಾಸು ಜೆರಾಕ್ಸ್ ಅಂಗಡಿ ಇಟ್ಟವನಿಗೆ ಊರಿನ ಅರ್ಧ ಜಗಳ ಗೊತ್ತಿರುತ್ತದೆ. ಪಹಣಿ ಕೊಟ್ಟು "ಎರಡು ಕಾಪಿ" ಅನ್ನುವವರು ಅಣ್ಣತಮ್ಮಂದಿರ ಪಾಲಿನ ಕಥೆಯನ್ನು ಪುಕ್ಕಟೆ ಹೇಳುತ್ತಾರೆ. ಚೆಕ್ ಬೌನ್ಸ್ ಆದವರು ಬ್ಯಾಂಕಿನ ಮೆಮೋ ಹಿಡಿದು ಬರುತ್ತಾರೆ. ಮೆಮೋ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಆಮೇಲೆ ದುಡ್ಡು ಕಟ್ಟಲು 15 ದಿನ ಬಿಡಬೇಕು ಎನ್ನುವುದನ್ನೆಲ್ಲ ನಾನು ಲಾ ಕಾಲೇಜಿನಲ್ಲಿ ಕಲಿತಿಲ್ಲ. ಬಿಸಿ ಬಿಸಿ ಹಾಳೆ ಎಣಿಸುತ್ತಾ ಕಲಿತದ್ದು.

ಇವರಲ್ಲಿ ನನಗೆ ತುಂಬಾ ಪಾಪ ಅನ್ನಿಸುವುದು ಬಿಳಿ ಚೀಟಿ ಹಿಡಿದು ಬರುವವರನ್ನು ಕಂಡರೆ. ಮಿಕ್ಸಿ ಕೆಟ್ಟಿದೆ, ವಾರಂಟಿ ಇನ್ನೂ ಇದೆ, ಬಿಲ್ಲೂ ಇದೆ. ಬಿಲ್ಲಿನಲ್ಲಿ ಅಕ್ಷರ ಮಾತ್ರ ಇಲ್ಲ. ಥರ್ಮಲ್ ಕಾಗದದ ಗುಣವೇ ಅದು. ಬಿಸಿಲು ತಾಗಿದರೆ, ಎಣ್ಣೆ ತಾಗಿದರೆ, ಸುಮ್ನೆ ಪರ್ಸಿನಲ್ಲಿ ಬಹಳ ದಿನ ಇದ್ದರೂ ಮಾಸಿಹೋಗುತ್ತದೆ. "ಸ್ವಲ್ಪ ಡಾರ್ಕ್ ಮಾಡಿ ತೆಗೀರಿ ಸಾರ್" ಅನ್ನುತ್ತಾರೆ. ಎಷ್ಟು ಡಾರ್ಕ್ ಮಾಡಿದರೂ ಬರುವುದು ಕರಿ ಹಾಳೆಯೇ. ಕೊಂಡ ದಿನವೇ ಬಿಲ್ಲನ್ನು ಜೆರಾಕ್ಸ್ ಮಾಡಿಸಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಅದರಲ್ಲಿ ನನ್ನ ಎರಡು ರೂಪಾಯಿ ಲಾಭವೂ ಇದೆ, ಇಲ್ಲ ಅನ್ನಲ್ಲ.

ಹೀಗೆ ಊರಿಗೆಲ್ಲ ಬುದ್ಧಿ ಹೇಳಿಕೊಂಡಿದ್ದ ನನ್ನ ಹೊಸ ಮೆಷೀನು ಹಾಳೆ ನುಂಗಲು ಶುರುಮಾಡಿತು. ಬ್ಯಾಂಕ್ ಸಾಲದಲ್ಲಿ ತಂದದ್ದು, ಇನ್ನೂ ವರ್ಷ ತುಂಬಿರಲಿಲ್ಲ. ಪಹಣಿಯ ಕಾಪಿ ಇಸ್ತ್ರಿ ಪೆಟ್ಟಿಗೆಗೆ ಸಿಕ್ಕಂತೆ ಮಡಚಿ, ಒಂದು ಕಡೆ ಕಂದಿ ಹೊರಗೆ ಬರುತ್ತಿತ್ತು. ಒಬ್ಬ ಯಜಮಾನರ ಕ್ರಯಪತ್ರದ ಕಾಪಿಯ ಮೂಲೆಯೇ ಹೋಯಿತು. ಅವರು ನನ್ನನ್ನು ನೋಡಿದ ನೋಟಕ್ಕೆ ಯಾವ ಕಾಯ್ದೆಯಲ್ಲೂ ಪರಿಹಾರ ಇಲ್ಲ.

ಕಂಪನಿಗೆ ಫೋನ್ ಮಾಡಿದೆ. ಬಂದ ಸರ್ವಿಸ್ ಹುಡುಗ ಒಳ್ಳೆಯವನು. ಟೀ ಕುಡಿದ, ಮೆಷೀನು ಬಿಚ್ಚಿದ, ಮುಚ್ಚಿದ. "ಸಾರ್, ಧೂಳು ಜಾಸ್ತಿ" ಅಂದ. ಕೊಬ್ಬರಿ ಲಾರಿಗಳು ಓಡಾಡುವ ಊರಿನಲ್ಲಿ ಧೂಳು ಇರದೆ ಮಂಜು ಇರುತ್ತದೆಯೇ? ಇನ್ನೊಂದು ಸಲ ಬಂದಾಗ ವೋಲ್ಟೇಜ್ ಅಂದ. ಆಮೇಲೆ ವಾರಂಟಿ ಕಾರ್ಡ್ ತೋರಿಸಿದ. ಅದನ್ನು ಓದಲು ನಾನು ಮೊದಲು ಜೆರಾಕ್ಸಿನಲ್ಲೇ ದೊಡ್ಡದು ಮಾಡಿಕೊಳ್ಳಬೇಕಿತ್ತು, ಆದರೆ ಮೆಷೀನು ಕೆಟ್ಟಿತ್ತಲ್ಲ. ಭೂತಗನ್ನಡಿ ಹಿಡಿದು ಓದಿದೆ. ಡ್ರಮ್‌ಗೆ ವಾರಂಟಿ ಇಲ್ಲ. ಟೋನರ್‌ಗೆ ಇಲ್ಲ. ರೋಲರ್‌ಗೆ ಇಲ್ಲ. ಇಲಿ ಕಡಿದರೆ ಇಲ್ಲ, ಸಿಡಿಲು ಬಡಿದರೆ ಇಲ್ಲ. ಹಾಗಾದರೆ ಯಾವುದಕ್ಕಪ್ಪಾ ಇದೆ ಅಂದರೆ, ಹುಡುಗ ಯೋಚಿಸಿ, "ಹೊರಗಿನ 'ಬಾಡಿ'ಗೆ ಇದೆ ಸಾರ್" ಅಂದ. ಕೊನೆಯ ಸಾಲು ಇನ್ನೂ ಚೆನ್ನಾಗಿತ್ತು: ಎಲ್ಲಾ ತಕರಾರು ಮುಂಬೈ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ.

ಪತ್ರ ಬರೆದೆ. ಉತ್ತರ ಬಂತು. ನಾನು ಮೆಷೀನನ್ನು ವ್ಯಾಪಾರಕ್ಕೆ ಕೊಂಡವನಂತೆ, ಆದ್ದರಿಂದ ಕಾನೂನಿನ ಪ್ರಕಾರ ಗ್ರಾಹಕನೇ ಅಲ್ಲವಂತೆ! ಮಾರುವ ದಿನ ಶೋರೂಮಿನ ಗೋಡೆಯ ಮೇಲೆ "ಗ್ರಾಹಕರೇ ದೇವರು" ಎಂದು ಇತ್ತು. ಅಲ್ಲಿಂದ ಇಲ್ಲಿಗೆ ಇಷ್ಟು ಬೇಗ ಇಳಿಸಿಬಿಡುವುದಾ?

ನಮ್ಮ ಕಡೆ ಇಂಥ ಕಾಗದ ಬಂದರೆ ಜನ ಸುಮ್ಮನಾಗುತ್ತಾರೆ. "ಹೋಗ್ಲಿ ಬಿಡಿ, ದೊಡ್ಡವರ ಜೊತೆ ಯಾಕೆ" ಅಂತ. ಕಂಪನಿಗಳು ಬದುಕಿರುವುದೇ ಈ "ಹೋಗ್ಲಿ ಬಿಡಿ"ಯ ಮೇಲೆ ಎಂದು ನನ್ನ ಅನುಮಾನ. ನಾನೂ ಸುಮ್ಮನಾಗುತ್ತಿದ್ದೆನೇನೋ, ಅಷ್ಟರಲ್ಲಿ ಅಂಗಡಿಗೆ ಬರುವ ವಕೀಲರೊಬ್ಬರು ಕಾಗದ ಓದಿ ನಕ್ಕರು. ವ್ಯಾಪಾರಕ್ಕೆ ಕೊಂಡವನು ಗ್ರಾಹಕನಲ್ಲ ಎನ್ನುವುದು ಅರ್ಧ ಮಾತು ಅಂತೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಸಾಮಾನಿಗೆ ಆ ಮಾತು ಅನ್ವಯಿಸುವುದಿಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಹಳೆಯ ಕಾಯ್ದೆಯ ಕಾಲದಲ್ಲೇ, 1995ರಲ್ಲಿ, ಸುಪ್ರೀಂ ಕೋರ್ಟು ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕ. ಲೇತ್ ಮೆಷೀನ್ ಕೊಂಡು ತಾನೇ ನಡೆಸುವವನೂ ಗ್ರಾಹಕ. ಒಬ್ಬಿಬ್ಬರು ಸಹಾಯಕ್ಕಿದ್ದರೂ ಪರವಾಗಿಲ್ಲ. ತಮಾಷೆ ಏನೆಂದರೆ, ಆ ಕೇಸಿನಲ್ಲಿ ಲಕ್ಷ್ಮಿ ಎಂಜಿನಿಯರಿಂಗ್‌ನವರು ಸೋತರು. ಅವರು ದೊಡ್ಡ ವ್ಯವಹಾರಸ್ಥರು ಎಂದಾಯಿತು. ಅವರು ಸೋತು ನನ್ನಂಥವರನ್ನು ಗೆಲ್ಲಿಸಿ ಹೋದರು. ಲಕ್ಷ್ಮಿ ನಮ್ಮ ಕೈ ಹಿಡಿದದ್ದು ಇದೊಂದೇ ಸಲ.

ಮನೆಯಲ್ಲಿ ಖುಷಿಯಿಂದ ಹೇಳಿದೆ. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಂಗಡಿ ನೋಡಿಕೊಳ್ಳುವವಳು ನನ್ನ ಹೆಂಡತಿ. "ಅಂದ್ರೆ ಕಾನೂನಿನಲ್ಲಿ ನಾನು ನಿಮ್ಮ ಸಹಾಯಕಿನಾ?" ಅಂದಳು. ಆ ತಕರಾರು ಮಾತ್ರ ಯಾವ ಕೋರ್ಟಿಗೂ ಹೋಗದೆ ರಾತ್ರಿಯವರೆಗೆ ನಡೆಯಿತು.

ಉಳಿದದ್ದೆಲ್ಲ ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಅದು ಕೋರ್ಟಲ್ಲ, ಸಹಾಯವಾಣಿ. ದೂರನ್ನು ಕಂಪನಿಗೆ ದಾಟಿಸುತ್ತಾರೆ. ಕಂಪನಿ ಅವರಿಗೂ ಧೂಳಿನ ಕಥೆಯನ್ನೇ ಹೇಳಿತು. ಸರಿ, ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗೋಣ ಎಂದಾಯಿತು. ಮುಂಬೈಗೆ ಹೋಗಬೇಕಿಲ್ಲ. ದೂರು ಕೊಡುವವನು ಇರುವ ಊರಿನ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ತಕರಾರು ಹುಟ್ಟಿ 2 ವರ್ಷದೊಳಗೆ ಹಾಕಬೇಕು, ಅಷ್ಟೇ. ಆನ್‌ಲೈನಿನಲ್ಲೂ ಹಾಕಬಹುದು. ಆದರೆ ನಮ್ಮ ವಕೀಲರು ಹಳೆಯ ಕಾಲದವರು. "ಕಾಗದದ ಸೆಟ್ಟೂ ಇರಲಿ. ಆಯೋಗಕ್ಕೆ, ಕಂಪನಿಗೆ, ಡೀಲರಿಗೆ, ನಿಮಗೆ. ಬಿಲ್ಲು, ವಾರಂಟಿ, ಪತ್ರ, ಉತ್ತರ, ಎಲ್ಲದರ ಜೆರಾಕ್ಸು" ಅಂದರು.

ಜೆರಾಕ್ಸು!

ಎದುರು ಸಾಲಿನಲ್ಲಿ ಇನ್ನೊಂದು ಜೆರಾಕ್ಸ್ ಅಂಗಡಿ ಇದೆ. ಅವನು ಪುಟಕ್ಕೆ ಐವತ್ತು ಪೈಸೆ ಇಳಿಸಿದಾಗ ನಾನೂ ಇಳಿಸಿ, ಇಬ್ಬರೂ ಹಾಳಾಗಿ, ಮತ್ತೆ ಇಬ್ಬರೂ ಏರಿಸಿದ ಇತಿಹಾಸ ನಮ್ಮದು. ಫೈಲನ್ನು ಟವಲ್ಲಿನಲ್ಲಿ ಸುತ್ತಿಕೊಂಡು, ಅವನು ಊಟಕ್ಕೆ ಹೋಗುವ ಹೊತ್ತು ನೋಡಿ ಹೋದೆ. ಅವತ್ತು ಅವನು ಡಬ್ಬಿ ತಂದಿದ್ದ.

"ಬನ್ನಿ ಬನ್ನಿ ಅಣ್ಣ, ಏನು ಅಪರೂಪ!" ಅಂದ. ಅವನ ಅಂಗಡಿಯಲ್ಲಿ ನಿಂತಿದ್ದವರೆಲ್ಲ ನನ್ನ ಗಿರಾಕಿಗಳು. ಅವನು ಒಂದೊಂದೇ ಹಾಳೆ ಇಡುತ್ತಾ ಓದತೊಡಗಿದ. ನಾನು ಬೇರೆಯವರ ಕಾಗದ ಓದುತ್ತಿದ್ದೆನಲ್ಲ, ಹಾಗೆಯೇ. ವಾರಂಟಿ ಕಾರ್ಡಿಗೆ ಬಂದಾಗ ಕೈ ನಿಲ್ಲಿಸಿ, "ಅಣ್ಣಾ, ಇದೇ ಕಂಪನಿದೇ ನಂದೂನೂ" ಅಂದ. ಮುಖ ಬಾಡಿತ್ತು. ಇನ್ನೊಂದು ಸೆಟ್ ಜಾಸ್ತಿ ತೆಗೆದು ತನ್ನ ಡ್ರಾಯರ್‌ನಲ್ಲಿ ಇಟ್ಟುಕೊಂಡ. ಲೆಕ್ಕದಲ್ಲಿ ಆ ಸೆಟ್ಟನ್ನೂ ನನಗೇ ಸೇರಿಸಿದ.

ಆಯೋಗದ ನೋಟಿಸ್ ಕಂಪನಿಗೆ ತಲುಪಿದ ಮೇಲೆ ಧೂಳೂ ವೋಲ್ಟೇಜೂ ಒಟ್ಟಿಗೇ ಮಾಯವಾದವು. ಅದೇ ಸರ್ವಿಸ್ ಹುಡುಗ, ಜೊತೆಗೆ ಟೈ ಕಟ್ಟಿದ ಒಬ್ಬ ಸಾಹೇಬರು, ಹೊಸ ಫ್ಯೂಸರ್ ಸೆಟ್ಟು. ಕಾಗದ ಸುಡುತ್ತಿದ್ದದ್ದು ಆ ಭಾಗವೇ, ಅದು ಮೊದಲಿನಿಂದಲೂ ದೋಷದ್ದೇ ಅಂತೆ. ಜೊತೆಗೆ ವಾರಂಟಿ ಒಂದು ವರ್ಷ ಮುಂದಕ್ಕೆ ಹಾಕುವುದಾಗಿ ಬರೆದುಕೊಟ್ಟರು. ನಾನು ದೂರು ವಾಪಸ್ ತೆಗೆದುಕೊಳ್ಳುವುದಾಗಿ ರಾಜಿ ಪತ್ರಕ್ಕೆ ಸಹಿ ಹಾಕಿದೆ.

ಸಾಹೇಬರು ಆ ಪತ್ರವನ್ನು ನನ್ನ ಕಡೆಗೇ ಚಾಚಿ, "ಇದರದ್ದು ಎರಡು ಜೆರಾಕ್ಸ್ ಕೊಡಿ" ಅಂದರು. ಮೆಷೀನು ಗಟ್ಟಿ ಉಸಿರು ಬಿಟ್ಟು ಎರಡು ಹಾಳೆಯನ್ನು ನೀಟಾಗಿ ಹೊರಹಾಕಿತು. "ನಾಲ್ಕು ರೂಪಾಯಿ" ಅಂದೆ. ಕೊಟ್ಟರು. ಎರಡು ಹೆಜ್ಜೆ ಹೋದವರು ವಾಪಸ್ ಬಂದು, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಬಿಲ್ ಕೊಡ್ತೀರಾ? ನಲವತ್ತು ಅಂತ ಬರೆದರೆ ಒಳ್ಳೇದಿತ್ತು."